ಗಾಯರಾಣಕ್ಕೆ ಸ್ಟೈಲೊ ಮೇವು

ಮುಧೋಳ ಸೀಮೆಯಲ್ಲಿ ಘಟಪ್ರಭೆಯ ನೀರು ತಲುಪಿದ ಭೂಮಿಯ ಬಹುಭಾಗವು ಕಬ್ಬಿಗೆ ಸಂದಿದೆ. ಜೋಳವು ಹಿಂದೆ ಸರಿದಂತೆ ಕಣಿಕೆಯ ಬಣವೆಗಳೂ ಕರಗಿದವು. ಕಟಾವಿನ ಕಾಲದಲ್ಲಿ ಕಬ್ಬಿನ ಸೋಗೆ ಯಥೇಚ್ಛವಾಗಿ ದೊರೆಯುವದು ನಿಜ; ಆದರೆ ಅದರಿಂದ ಹೊಟ್ಟೆ ತುಂಬುವದೇ ಹೊರತು ಮೈಗೂಡುವ ಸತ್ವವು ಅಲ್ಪ. ಅದರಲ್ಲಿರುವ ಆಕ್ಸಲೇಟ್ ಅಂಶವು ಮೇವಿನ ಸುಣ್ಣವನ್ನು ದನಗಳ ಮೈಗೆ ಹತ್ತಗೊಡುವದಿಲ್ಲ. ಬೇಸಿಗೆ ಬಲಿತಾಗ ಸೋಗೆಯೂ ತೀರುತ್ತದೆ. ಆಗ ಖಿಲಾರಿ ಎತ್ತು ಸಾಕಿದವನಿಗೂ ಕುರಿಗಾರನಿಗೂ ಗಾಯರಾಣವೊಂದೇ ಗತಿ. ಅಲ್ಲಿಯೋ ಕಲ್ಲು, ದನ ಮುಟ್ಟದ ಹೊನ್ನಾವರಿಕೆ!

ಇಂಥ ಮಡ್ಡಿ ಮಸಾರಿಗೆ ಸ್ಟೈಲೊ ತಕ್ಕದ್ದು. ಇದು ದ್ವಿದಳ ಜಾತಿಯ ಮೇವು. ಬೇರಿನ ಗಂಟುಗಳಿಂದ ನೆಲಕ್ಕೆ ಸಾರಜನಕವನ್ನು ಕೂಡಿಸುತ್ತದೆ. ಕೆರಿಬಿಯನ್ ಸೀಮೆಯ ‘ಹಮಾಟ’ ಎಂಬ ತಳಿಯು ತಗ್ಗಾಗಿ ಹಬ್ಬಿ ಮಣ್ಣನ್ನು ಮುಚ್ಚುವದರಿಂದ ಮಳೆಯ ಕೊಚ್ಚು ತಗ್ಗುತ್ತದೆ. ಎರಡು ಮೂರು ವರ್ಷ ಬಾಳಿ, ಉದುರಿದ ಬೀಜದಿಂದ ತಾನೇ ಮರಳಿ ಹುಟ್ಟುತ್ತದೆ. ಬೀಜದ ಸಿಪ್ಪೆ ಬಹಳ ಗಟ್ಟಿ. ಆದಕಾರಣ 80 ಡಿಗ್ರಿ ಶಾಖದ ನೀರಿನಲ್ಲಿ ನಾಲ್ಕೈದು ನಿಮಿಷ ಅದ್ದಿ, ಆರಿಸಿ ಬಿತ್ತತಕ್ಕದ್ದು. ಕುದಿಯುವ ನೀರು ಸಲ್ಲದು. ಸಾಲಿನಲ್ಲಿ ಎಕರೆಗೆ ಸುಮಾರು 2.5 ಕಿಲೊ, ಎರಚಿದರೆ 4 ಕಿಲೊ ಸಾಕು. ಆಳಕ್ಕೆ ಬಿದ್ದ ಬೀಜ ಮೇಲೇಳದು. ಕೂರಿಗೆಯನ್ನು ಒತ್ತಿ ಹಿಡಿಯಬಾರದು. ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಕೇಂದ್ರವಿದ್ದು, ತಿಳಿಯಬೇಕಾದವರು ಅಲ್ಲಿ ವಿಚಾರಿಸಬಹುದು. ನೆರೆಯ ಅನಂತಪುರದ ಒಣಭೂಮಿಯ ರೈತರು ಈ ಬೀಜವನ್ನೇ ಬೆಳೆದು ಮಾರುತ್ತಾರೆ.

ಜಿಗುಟು ಎರೆಯಲ್ಲಿ ಮಾತ್ರ ಸ್ಟೈಲೊ ಒಗ್ಗದು. ಅಲ್ಲಿ ಒಡ್ಡುಗಳ ಮೇಲೆ ಶಂಖಪುಷ್ಪವನ್ನು ಹಬ್ಬಿಸುವದು ಲೇಸು. ದೇವರ ತಲೆಗೆ ಏರಿಸುವ ಆ ನೀಲಿ ಹೂವಿನ ಬಳ್ಳಿಯು ಒಳ್ಳೆಯ ಮೇವೆಂಬುದನ್ನು ಊರವರು ಲಕ್ಷ್ಯಕ್ಕೆ ತಂದದ್ದು ಕಡಿಮೆ.

ನಿಜವಾದ ತೊಡಕು ಬೀಜದ್ದಲ್ಲ, ಕಾವಲಿನದು. ಮೊದಲ ವರ್ಷ ಸಸಿ ನಿಧಾನವಾಗಿ ಬೆಳೆಯುತ್ತದೆ. ಒಂದು ಹಿಂಡು ಹೊಕ್ಕರೆ ಶ್ರಮವೆಲ್ಲ ವ್ಯರ್ಥ. ಗಾಯರಾಣವನ್ನು ಪೂರ್ತಿ ಮುಚ್ಚಿದರೆ ಹೊಲವಿಲ್ಲದ ಕುರಿಗಾರನ ಮೇಲೆಯೇ ಹೊರೆ ಬೀಳುವದು, ಅದು ನ್ಯಾಯವಲ್ಲ. ಆದುದರಿಂದ ಊರ ಗೌಡರು ಗ್ರಾಮ ಪಂಚಾಯತಿಯಲ್ಲಿ ಕುರಿಗಾರರನ್ನೂ ಕೂಡಿಸಿ, ನಾಲ್ಕನೆಯ ಒಂದು ಪಾಲನ್ನಷ್ಟೇ ಬಿತ್ತನೆಯಿಂದ ಬೀಜ ಉದುರುವವರೆಗೆ ಕಾಯ್ದಿಡಬೇಕು. ಮರುವರ್ಷ ಅದನ್ನು ಮೇಯಲು ಬಿಟ್ಟು ಇನ್ನೊಂದು ಪಾಲಿಗೆ ಕೈಹಾಕಬೇಕು. ಭೂಮಾಲೀಕರು ಅದೇ ಮಳೆಗಾಲದಲ್ಲಿ ತಮ್ಮ ಒಡ್ಡುಗಳ ಮೇಲೆಯೂ ಬಿತ್ತಿ ತೋರಿಸದಿದ್ದರೆ ಆ ಸಭೆಯಲ್ಲಿ ಅವರ ಮಾತನ್ನು ಕೇಳುವವರಾರು?