ಸುಂಕದ ಬೇಲಿ ಯಾರ ಬೆಳೆಯನ್ನು ಕಾಯುತ್ತದೆ?

2025ರ ಆಗಸ್ಟ್‌ನಲ್ಲಿ ಅಮೆರಿಕದ ಸರ್ಕಾರ ಭಾರತದ ಬಹುಪಾಲು ಸರಕುಗಳ ಮೇಲಿನ ಸುಂಕವನ್ನು ಶೇ. 50ಕ್ಕೆ ಏರಿಸಿದಾಗ ಚಿಕ್ಕಮಗಳೂರು, ಕೊಡಗು, ಸಕಲೇಶಪುರಗಳ ಕಾಫಿ-ಮೆಣಸಿನ ಸೀಮೆಯಲ್ಲೂ ಆತಂಕ ಮೂಡಿತ್ತು. ಆ ಸುಂಕದ ಏರಿಳಿತದ ಕಥೆ ದಿನಪತ್ರಿಕೆಗಳಲ್ಲಿ ಸಾಕಷ್ಟು ಬಂದಿದೆ. ಅಷ್ಟಾಗಿ ಚರ್ಚೆಯಾಗದ ಪ್ರಶ್ನೆ ಬೇರೆಯಿದೆ. ಅಮೆರಿಕದಲ್ಲಿ ಇಂಥ ಸುಂಕಗಳನ್ನು ಹೆಚ್ಚಾಗಿ ಹೇರುವುದು ಅಲ್ಲಿನ ಕಾರ್ಖಾನೆಯ ಕಾರ್ಮಿಕನ ಹೆಸರಿನಲ್ಲಿ. ಪರದೇಶಗಳ ಅನ್ಯಾಯದ ವ್ಯಾಪಾರ ಆತನ ಅನ್ನ ಕಸಿದಿದೆ, ಸುಂಕ ಅದನ್ನು ಮರಳಿ ಕೊಡಿಸುತ್ತದೆ ಎಂಬುದು ವಾದ. ಈ ವಾದವನ್ನು ನಂಬಿ ಆತ ಮತ ಹಾಕುತ್ತಾನೆ. ಆ ಅನ್ನ ನಿಜವಾಗಿಯೂ ಆತನ ತಟ್ಟೆಗೆ ಮರಳಿತೇ?

ಮಲೆನಾಡಿನವರಿಗೆ ಈ ಪ್ರಶ್ನೆ ಪರಕೀಯವೇನಲ್ಲ. ಕಾಳುಮೆಣಸು ಮತ್ತು ಅಡಿಕೆಯ ಆಮದಿಗೆ ಬೇಲಿ ಹಾಕಬೇಕೆಂದು ದೆಹಲಿಯ ಬಾಗಿಲು ಬಡಿದವರು ಇಲ್ಲಿನ ಬೆಳೆಗಾರರೇ. ಆ ಕಥೆಗೆ ಬರುವ ಮೊದಲು ಅಮೆರಿಕದ ಅನುಭವವನ್ನು ನೋಡುವುದು ಒಳಿತು. ಏಕೆಂದರೆ ಸುಂಕದಿಂದ ಯಾರಿಗೆ ಎಷ್ಟು ದಕ್ಕಿತೆಂಬ ಲೆಕ್ಕವನ್ನು ಅಲ್ಲಿ ಸಾಕಷ್ಟು ಮಂದಿ ಕುಳಿತು ಹಾಕಿದ್ದಾರೆ.

ಅಲ್ಲಿನ ಕಾರ್ಮಿಕನ ಅಳಲು ಸುಳ್ಳಲ್ಲ ಎಂಬುದನ್ನು ಮೊದಲು ಒಪ್ಪಬೇಕು. 2001ರ ಡಿಸೆಂಬರ್‌ನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆಯನ್ನು ಸೇರಿತು. 2000ದಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಸುಮಾರು 1 ಕೋಟಿ 70 ಲಕ್ಷ ಮಂದಿ ದುಡಿಯುತ್ತಿದ್ದರು. 2010ರ ವೇಳೆಗೆ ಆ ಸಂಖ್ಯೆ ಸುಮಾರು 1 ಕೋಟಿ 15 ಲಕ್ಷಕ್ಕೆ ಕುಸಿದಿತ್ತು. ಇದೆಲ್ಲವೂ ಚೀನಾದಿಂದಲೇ ಆದದ್ದಲ್ಲ. ಯಂತ್ರಗಳ ಪಾಲೂ, 2008ರ ಆರ್ಥಿಕ ಕುಸಿತದ ಪಾಲೂ ಅದರಲ್ಲಿದೆ. ಆದರೂ ಚೀನಾದ ಆಮದಿನಿಂದ ನೇರವಾಗಿ ಹಾಗೂ ಪರೋಕ್ಷವಾಗಿ 20 ಲಕ್ಷಕ್ಕೂ ಹೆಚ್ಚು ಉದ್ಯೋಗಗಳು ಹೋದವೆಂದು ಡೇವಿಡ್ ಆಟರ್, ಡೇರನ್ ಅಸೆಮೊಗ್ಲು ಮುಂತಾದ ಅರ್ಥಶಾಸ್ತ್ರಜ್ಞರು ಅಂದಾಜಿಸಿದ್ದಾರೆ. ಒಂದು ಕೆಲಸ ಹೋದವನು ಮತ್ತೊಂದು ಊರಿನಲ್ಲಿ ಮತ್ತೊಂದು ಕೆಲಸ ಹುಡುಕಿಕೊಳ್ಳುತ್ತಾನೆ ಎಂದು ಪಠ್ಯಪುಸ್ತಕಗಳು ಹೇಳುತ್ತಿದ್ದವು. ಉತ್ತರ ಕೆರೊಲಿನಾದ ಪೀಠೋಪಕರಣದ ಊರುಗಳಲ್ಲಿ ಹಾಗೆ ಆಗಲಿಲ್ಲ. ಜನ ಅಲ್ಲೇ ಉಳಿದರು, ಕೂಲಿ ಇಳಿಯಿತು, ಬಹಳಷ್ಟು ಮಂದಿ ದುಡಿಯುವವರ ಲೆಕ್ಕದಿಂದಲೇ ಹೊರಬಿದ್ದರು. ಸರ್ಕಾರಿ ಸಾಲ, ಸಹಾಯಧನಗಳ ಬಲದಿಂದ ಬೆಳೆದ ಪರದೇಶದ ಉದ್ಯಮದೊಡನೆ ಸ್ಪರ್ಧಿಸುವುದು ನ್ಯಾಯವೇ ಎಂದು ಅವರು ಕೇಳಿದರೆ, ಅದನ್ನು ಅಜ್ಞಾನವೆಂದು ತಳ್ಳಿಹಾಕುವ ಪಂಡಿತರದ್ದೇ ಅಜ್ಞಾನ.

ಆದರೆ ರೋಗ ನಿಜವಾದ ಮಾತ್ರಕ್ಕೆ ಮದ್ದು ಸರಿಯಾದದ್ದೇ ಆಗಿರಬೇಕಿಲ್ಲ. 2009ರ ಸೆಪ್ಟೆಂಬರ್‌ನಲ್ಲಿ ಉಕ್ಕು ಕಾರ್ಮಿಕರ ಸಂಘದ ಮನವಿಯ ಮೇರೆಗೆ ಅಧ್ಯಕ್ಷ ಬರಾಕ್ ಒಬಾಮ ಚೀನಾದ ಟೈರುಗಳ ಮೇಲೆ ಮೊದಲ ವರ್ಷ ಶೇ. 35, ನಂತರ 30, ನಂತರ 25ರಂತೆ ಮೂರು ವರ್ಷಗಳ ಸುಂಕ ವಿಧಿಸಿದರು. ಚೀನಾದ ಟೈರು ಕಡಿಮೆಯಾಯಿತು. ಆ ಜಾಗಕ್ಕೆ ಇಂಡೋನೇಷ್ಯಾ, ಥಾಯ್ಲೆಂಡ್, ದಕ್ಷಿಣ ಕೊರಿಯಾಗಳ ಟೈರು ಬಂತು. ವಾಷಿಂಗ್ಟನ್ನಿನ ಪೀಟರ್ಸನ್ ಸಂಸ್ಥೆ 2012ರಲ್ಲಿ ಹಾಕಿದ ಲೆಕ್ಕದಂತೆ ಉಳಿದ ಉದ್ಯೋಗಗಳು ಹೆಚ್ಚೆಂದರೆ 1,200. ಅದಕ್ಕಾಗಿ ಟೈರು ಕೊಳ್ಳುವವರು 2011ರಲ್ಲಿ ಹೆಚ್ಚಾಗಿ ತೆತ್ತದ್ದು ಸುಮಾರು 110 ಕೋಟಿ ಡಾಲರ್. ಇತ್ತ ಚೀನಾ ಅಮೆರಿಕದ ಕೋಳಿಮಾಂಸದ ಮೇಲೆ ಸುಂಕ ಹೇರಿತು. ಅಮೆರಿಕನ್ನರು ಮೂಸಿಯೂ ನೋಡದ ಕೋಳಿಕಾಲಿಗೆ ಚೀನಾದಲ್ಲಿ ಒಳ್ಳೆಯ ಬೆಲೆಯಿತ್ತು. ಟೈರಿನ ಜಗಳಕ್ಕೆ ಪೆಟ್ಟು ತಿಂದವರು ಕೋಳಿ ಸಾಕುವವರು!

ಬಟ್ಟೆ ಒಗೆಯುವ ಯಂತ್ರದ ಕಥೆ ಇನ್ನೂ ಸ್ಪಷ್ಟವಾಗಿದೆ. ಕೊರಿಯಾದ ಎಲ್‌ಜಿ ಮತ್ತು ಸ್ಯಾಮ್‌ಸಂಗ್ ಕಂಪನಿಗಳು ನ್ಯಾಯವಾದ ಬೆಲೆಗಿಂತ ಅಗ್ಗಕ್ಕೆ ಯಂತ್ರಗಳನ್ನು ತಂದು ಸುರಿಯುತ್ತಿವೆ ಎಂದು ಅಮೆರಿಕದ ವರ್ಲ್‌ಪೂಲ್ ಕಂಪನಿ ದೂರು ಕೊಟ್ಟಿತ್ತು. ಕೊರಿಯಾ ಮತ್ತು ಮೆಕ್ಸಿಕೊಗಳಿಂದ ಬರುವ ಯಂತ್ರಗಳಿಗೆ ಸುಂಕ ಬಿದ್ದಾಗ ಆ ಕಂಪನಿಗಳು ತಯಾರಿಕೆಯನ್ನು ಚೀನಾಕ್ಕೆ ಒಯ್ದವು. ಚೀನಾಕ್ಕೆ ಸುಂಕ ಬಿದ್ದಾಗ ಥಾಯ್ಲೆಂಡ್ ಮತ್ತು ವಿಯೆಟ್ನಾಮಿಗೆ ಜಿಗಿದವು. ಒಂದು ಕಂಡಿ ಮುಚ್ಚಿದರೆ ಇನ್ನೊಂದು ಕಂಡಿಯಲ್ಲಿ ನುಗ್ಗುವ ಕಾಡುಹಂದಿಯ ಉಪಾಯವನ್ನು ಮಲೆನಾಡಿನ ರೈತನಿಗೆ ವಿವರಿಸಬೇಕಾಗಿಲ್ಲ. ಕೊನೆಗೆ 2018ರ ಜನವರಿಯಲ್ಲಿ ಬಹುತೇಕ ಎಲ್ಲ ದೇಶಗಳ ಯಂತ್ರಗಳಿಗೂ ಒಟ್ಟಾಗಿ ಸುಂಕ ವಿಧಿಸಲಾಯಿತು: ವರ್ಷದ ಮೊದಲ 12 ಲಕ್ಷ ಯಂತ್ರಗಳಿಗೆ ಶೇ. 20, ಅದರಾಚೆಗೆ ಶೇ. 50.

ಫಲವೇನು? ಆರನ್ ಫ್ಲಾಯೆನ್, ಅಲಿ ಹೊರ್ತಾಚ್ಸು, ಫೆಲಿಕ್ಸ್ ಟಿಂಟೆಲ್‌ನಾಟ್ ಎಂಬ ಮೂವರು ಅರ್ಥಶಾಸ್ತ್ರಜ್ಞರ ಅಧ್ಯಯನದ ಪ್ರಕಾರ ಯಂತ್ರದ ಬೆಲೆ ಸುಮಾರು ಶೇ. 12ರಷ್ಟು ಏರಿತು. ಪರದೇಶದ ಯಂತ್ರದ್ದು ಮಾತ್ರವಲ್ಲ, ದೇಶೀಯ ಯಂತ್ರದ ಬೆಲೆಯೂ ಏರಿತು. ಸೋಜಿಗವೆಂದರೆ ಬಟ್ಟೆ ಒಣಗಿಸುವ ಯಂತ್ರದ ಮೇಲೆ ಸುಂಕವೇ ಇರಲಿಲ್ಲ. ಅದರ ಬೆಲೆಯೂ ಅಷ್ಟೇ ಏರಿತು. ಎರಡನ್ನೂ ಜೋಡಿಯಾಗಿ ಮಾರುವ ರೂಢಿಯಿರುವುದರಿಂದ ಕಂಪನಿಗಳು ಹೆಚ್ಚಳವನ್ನು ಎರಡಕ್ಕೂ ಹಂಚಿದವು. ಗ್ರಾಹಕರ ಮೇಲೆ ಬಿದ್ದ ಹೊರೆ ವರ್ಷಕ್ಕೆ ಸುಮಾರು 150 ಕೋಟಿ ಡಾಲರ್. ಸರ್ಕಾರದ ಖಜಾನೆಗೆ ಬಂದದ್ದು ಕೇವಲ 8 ಕೋಟಿ 20 ಲಕ್ಷ ಡಾಲರ್. ಎಲ್‌ಜಿ ಮತ್ತು ಸ್ಯಾಮ್‌ಸಂಗ್ ಅಮೆರಿಕದಲ್ಲೇ ತೆರೆದ ಕಾರ್ಖಾನೆಗಳನ್ನೂ ಸೇರಿಸಿ ಹುಟ್ಟಿದ ಉದ್ಯೋಗ ಸುಮಾರು 1,800. ಒಂದು ಉದ್ಯೋಗಕ್ಕೆ ಜನ ತೆತ್ತ ಬೆಲೆ ವರ್ಷಕ್ಕೆ 8 ಲಕ್ಷ ಡಾಲರಿಗೂ ಹೆಚ್ಚು. ಆ 1,800 ಮನೆಗಳಲ್ಲಿ ಒಲೆ ಉರಿದದ್ದು ಸುಳ್ಳಲ್ಲ, ಅದು ಸಣ್ಣ ಸಂಗತಿಯೂ ಅಲ್ಲ. ಆದರೆ 8 ಲಕ್ಷ ಡಾಲರಿನ ಸಂಬಳವನ್ನು ಯಾವ ಕಾರ್ಮಿಕನೂ ಎಣಿಸಲಿಲ್ಲ. ಹೆಚ್ಚಳದ ದೊಡ್ಡ ಪಾಲು ಬೇಲಿಯ ಮರೆಯಲ್ಲಿ ಬೆಲೆ ಏರಿಸಿದ ತಯಾರಕರಿಗೂ ಮಾರಾಟಗಾರರಿಗೂ ಸೇರಿತು. ತೆತ್ತವರಲ್ಲಿ ಬೇರೆ ಕಾರ್ಖಾನೆಗಳ ಕಾರ್ಮಿಕರೂ ಇದ್ದರು. ಸಂಪಾದನೆಯ ಹೆಚ್ಚಿನ ಭಾಗವನ್ನು ಸರಕು-ಸಾಮಾನಿಗೇ ಸುರಿಯಬೇಕಾದ ಬಡ ಕುಟುಂಬಕ್ಕೆ ಇಂಥ ಹೊರೆ ಸಿರಿವಂತನಿಗಿಂತ ಭಾರ.

ಅದೇ 2018ರಲ್ಲಿ ಉಕ್ಕಿಗೆ ಶೇ. 25 ಸುಂಕ ಬಂತು. ಚೀನಾದ ಅನ್ಯಾಯದ ವ್ಯಾಪಾರದ ವಿರುದ್ಧವೆಂದು ಸಾವಿರಾರು ಸರಕುಗಳಿಗೆ ಬೇರೆ ಸುಂಕ ಬಂತು. ಉಕ್ಕು ತಯಾರಿಸುವವರಿಗಿಂತ ಉಕ್ಕನ್ನು ಬಳಸಿ ದುಡಿಯುವವರ ಸಂಖ್ಯೆ ಅಲ್ಲಿ ಹತ್ತಾರು ಪಟ್ಟು ಹೆಚ್ಚು. ಅವರ ಕಾರ್ಖಾನೆಗಳ ಖರ್ಚು ಏರಿತು. ಚೀನಾ ಪ್ರತೀಕಾರವಾಗಿ ಅಮೆರಿಕದ ಸೋಯಾ ಅವರೆಗೆ ಶೇ. 25 ಸುಂಕ ಹಾಕಿತು. ರೈತರ ನಷ್ಟ ತುಂಬಲು ಅಮೆರಿಕದ ಸರ್ಕಾರ 2018 ಮತ್ತು 2019ರ ಬೆಳೆಗಳಿಗೆ ಸುಮಾರು 2,300 ಕೋಟಿ ಡಾಲರ್ ಹಂಚಿತು, ಅದೂ ಹೆಚ್ಚು ಭೂಮಿಯಿದ್ದವನಿಗೆ ಹೆಚ್ಚು ಎಂಬ ಕ್ರಮದಲ್ಲಿ. ಚೀನಾ ಸೋಯಾಕ್ಕಾಗಿ ಬ್ರೆಜಿಲ್ ಕಡೆ ಹೊರಳಿತು. ಈ ಬೇಡಿಕೆ ಅಮೆಜಾನ್ ಕಾಡನ್ನು ಕಡಿಸೀತೆಂದು 2019ರಲ್ಲೇ ವಿಜ್ಞಾನಿಗಳು ಎಚ್ಚರಿಸಿದ್ದರು. ಕಾರ್ಖಾನೆಯ ಕಾರ್ಮಿಕನಿಗಾಗಿ ಎಂದು ಎದ್ದ ಗೋಡೆಯ ನೆರಳು ಎಲ್ಲೋ ದೂರದ ಕಾಡಿನ ಮೇಲೆ ಬೀಳುತ್ತದೆ, ಆ ಕಾಡಿನವರನ್ನು ಯಾರೂ ಕೇಳಿರುವುದಿಲ್ಲ.

ಇನ್ನು ಮತದ ಮಾತು. ಡೇವಿಡ್ ಆಟರ್ ಮತ್ತು ಸಂಗಡಿಗರು 2024ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಬಹು ಮುಖ್ಯವಾದುದು. ಸುಂಕದ ರಕ್ಷಣೆ ಪಡೆದ ಉದ್ಯಮಗಳಿದ್ದ ಪ್ರದೇಶಗಳಲ್ಲಿ ಉದ್ಯೋಗ ಹೆಚ್ಚಲೂ ಇಲ್ಲ, ತಗ್ಗಲೂ ಇಲ್ಲ. ಪ್ರತೀಕಾರದ ಸುಂಕ ಬಿದ್ದ ಕಡೆ, ಮುಖ್ಯವಾಗಿ ಕೃಷಿಯಲ್ಲಿ, ಉದ್ಯೋಗ ತಗ್ಗಿತು. ಸಹಾಯಧನ ಅದನ್ನು ಅರೆಬರೆ ಮಾತ್ರ ತುಂಬಿತು. ಆದರೂ ರಕ್ಷಣೆ ಪಡೆದ ಪ್ರದೇಶಗಳಲ್ಲಿ 2020ರ ಚುನಾವಣೆಯಲ್ಲಿ ಸುಂಕ ಹಾಕಿದ ಡೊನಾಲ್ಡ್ ಟ್ರಂಪ್ ಪರವಾಗಿ ಮತಗಳು ಹೆಚ್ಚಿದವು. ಕಾರ್ಮಿಕನಿಗೆ ಕೆಲಸ ಬರಲಿಲ್ಲ, ನಾಯಕನಿಗೆ ಮತ ಬಂತು. ಇದನ್ನು ಕೇಳಿ ಆ ಮತದಾರನನ್ನು ಹಳಿಯುವುದು ಸುಲಭ. ಇಪ್ಪತ್ತು ವರ್ಷ ಯಾರೂ ತಿರುಗಿ ನೋಡದ ಊರಿನ ಹೆಸರನ್ನು ಒಬ್ಬ ವೇದಿಕೆಯ ಮೇಲೆ ಹೇಳಿದ. ಜನ ಅದಕ್ಕೆ ಕೃತಜ್ಞರಾದರು. ಇದು ಆ ಜನರ ದಡ್ಡತನಕ್ಕಿಂತ, ಅದುವರೆಗೆ ಸುಮ್ಮನಿದ್ದವರ ಅಪರಾಧವನ್ನೇ ಹೆಚ್ಚು ತೋರಿಸುತ್ತದೆ. ನಂತರ ಬಂದ ಜೋ ಬೈಡನ್ ಕೂಡ ಚೀನಾದ ಮೇಲಿನ ಆ ಸುಂಕಗಳನ್ನು ತೆಗೆಯಲಿಲ್ಲ. 2024ರಲ್ಲಿ ವಿದ್ಯುತ್ ಕಾರುಗಳ ಮೇಲೆ ಶೇ. 100ಕ್ಕೆ ಏರಿಸಿದರು.

ಹಾಗಾದರೆ ಗಡಿಗಳನ್ನೆಲ್ಲ ತೆರೆದಿಡಬೇಕೇ? ಮುಕ್ತ ವ್ಯಾಪಾರದ ಭಜಕರು ಕಳೆದ ಮೂರು ದಶಕಗಳಲ್ಲಿ ಹೇಳಿದ್ದೂ ಅದನ್ನೇ, ಹಾಳುಗೆಡವಿದ್ದೂ ಅದರಿಂದಲೇ. ತೊಡಕಿರುವುದು ಬೇರೆ ಕಡೆ. ಸುಂಕ ಎತ್ತಿ ಹಿಡಿಯುವುದು ಸರಕಿನ ಬೆಲೆಯನ್ನು. ಸರಕಿನ ಒಡೆಯನಿಂದ ದುಡಿಯುವವನ ಕೈಗೆ ಹಣ ಇಳಿಯಬೇಕಾದರೆ ಅದಕ್ಕೆ ಪ್ರತ್ಯೇಕ ಕಾಲುವೆ ತೋಡಬೇಕು. ಅಂಥ ಪ್ರಯತ್ನವೊಂದು 2020ರ ಜುಲೈಯಲ್ಲಿ ಜಾರಿಗೆ ಬಂದ ಅಮೆರಿಕ-ಮೆಕ್ಸಿಕೊ-ಕೆನಡಾ ಒಪ್ಪಂದದಲ್ಲಿದೆ. ಸುಂಕವಿಲ್ಲದೆ ಗಡಿ ದಾಟಬೇಕಾದ ಕಾರಿನ ಶೇ. 40ರಷ್ಟು ಭಾಗ ಗಂಟೆಗೆ ಸರಾಸರಿ 16 ಡಾಲರಿಗೆ ಕಡಿಮೆಯಿಲ್ಲದ ಕೂಲಿ ಕೊಡುವ ಕಾರ್ಖಾನೆಗಳಲ್ಲಿ ತಯಾರಾಗಿರಬೇಕು ಎಂಬ ನಿಯಮ ಅದರಲ್ಲಿದೆ. ಕಾರ್ಮಿಕರ ಸಂಘಟನೆಯ ಹಕ್ಕನ್ನು ತುಳಿದ ಕಾರ್ಖಾನೆಯ ಮೇಲೆ ನೇರವಾಗಿ ದೂರು ಕೊಡಲು ಅವಕಾಶವಿದೆ. ಮೆಕ್ಸಿಕೊದ ಸಿಲಾವೊ ಎಂಬಲ್ಲಿನ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ ಇಂಥ ದೂರಿನ ನಂತರ ಕಾರ್ಮಿಕರು 2021ರಲ್ಲಿ ಹಳೆಯ ಸಂಘದ ಕರಾರನ್ನು ಮತ ಹಾಕಿ ತಿರಸ್ಕರಿಸಿದರು. 2022ರ ಫೆಬ್ರವರಿಯಲ್ಲಿ ಸ್ವತಂತ್ರ ಸಂಘವನ್ನು ಆರಿಸಿಕೊಂಡರು. ಅದೇ ವರ್ಷ ಶೇ. 8.5ರಷ್ಟು ಕೂಲಿ ಹೆಚ್ಚಳವನ್ನೂ ಪಡೆದರು. ಎಲ್ಲ ಕಡೆ ಹೀಗಾಗಿಲ್ಲ. ಆದರೆ ವ್ಯಾಪಾರದ ಕಾನೂನಿನಲ್ಲಿ ಕೂಲಿಯ ಮಾತನ್ನು ಬರೆಯಲು ಬಾರದು ಎಂಬ ಹಳೆಯ ನೆಪ ಇನ್ನು ನಡೆಯದು.

ಇನ್ನು ಈ ಬೆಟ್ಟಗಳ ಕಥೆ. ಭಾರತ-ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದ 2000ದಲ್ಲಿ ಜಾರಿಗೆ ಬಂದ ಮೇಲೆ, ವಿಯೆಟ್ನಾಮಿನ ಮೆಣಸು ಶ್ರೀಲಂಕಾದ ಹೆಸರು ಹೊತ್ತು ಒಳಬರುತ್ತಿದೆ ಎಂಬುದು ಬೆಳೆಗಾರರ ಬಹುಕಾಲದ ದೂರಾಗಿತ್ತು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮೆಣಸಿಗೆ ಕಿಲೋಗೆ 500 ರೂಪಾಯಿಗಳ ಕನಿಷ್ಠ ಆಮದು ಬೆಲೆ ಗೊತ್ತುಪಡಿಸಿತು. ಮುಂದಿನ ಎರಡು ವರ್ಷ ಇಲ್ಲಿನ ಪೇಟೆಗಳಲ್ಲಿ ಬೆಳೆಗಾರನಿಗೆ ಆ 500 ಸಿಗಲಿಲ್ಲ. ಬೇಲಿ ಇಲ್ಲದಿದ್ದರೆ ಇನ್ನೂ ಕುಸಿಯುತ್ತಿತ್ತು ಎನ್ನುವವರಿದ್ದಾರೆ; ಆ ಮಾತಿನಲ್ಲಿ ಹುರುಳಿರಬಹುದು. ತಾನೇ ಏಣಿ ಹತ್ತಿ ತಾನೇ ಕೊಯ್ಯುವ ಒಂದೆರಡು ಎಕರೆಯ ಹಿಡುವಳಿದಾರನಿಗೆ ಬೆಲೆಯೇ ಕೂಲಿ, ಬೇಲಿ ಅವನಿಗೆ ಬೇಕು. ಆದರೆ ದೊಡ್ಡ ಎಸ್ಟೇಟಿನ ಲೈನ್ ಮನೆಯಲ್ಲಿದ್ದು, ಸಿಲ್ವರ್ ಓಕ್ ಮರಕ್ಕೆ ಉದ್ದನೆಯ ಏಣಿ ಒರಗಿಸಿ ಮೆಣಸು ಕೊಯ್ಯುವ ಆಳಿಗೆ ಮೆಣಸಿನ ಬೆಲೆ ಏರಿದ ವರ್ಷವೂ ದಿನಗೂಲಿಯೇ, ಇಳಿದ ವರ್ಷವೂ ದಿನಗೂಲಿಯೇ.

ಅಡಿಕೆಗೆ 2017ರಲ್ಲಿ 251 ರೂಪಾಯಿ ಇದ್ದ ಕನಿಷ್ಠ ಆಮದು ಬೆಲೆ 2023ರ ಫೆಬ್ರವರಿಯಲ್ಲಿ 351 ಆಯಿತು. ಅಡಿಕೆಯ ಬೆಲೆಯ ಆಸೆಗೆ ಗದ್ದೆಗಳು ತೋಟಗಳಾದದ್ದನ್ನು ಮಲೆನಾಡು ಕಣ್ಣಾರೆ ಕಂಡಿದೆ. ಅದಕ್ಕೆ ಈ ಬೇಲಿ ಎಷ್ಟು ಕಾರಣವೆಂಬುದು ಪ್ರತ್ಯೇಕ ಚರ್ಚೆ. ಮುಂದಿನ ಸಲ ಬೆಳೆಗಾರರ ನಿಯೋಗ ದೆಹಲಿಗೆ ಹೊರಟಾಗ, ಅದೇ ಮನವಿಯ ಹಾಳೆಯಲ್ಲಿ ಕೊಯ್ಲಿನ ಕೂಲಿ, ಲೈನ್ ಮನೆಯ ದುರಸ್ತಿ, ಏಣಿಯಿಂದ ಬಿದ್ದವನ ವಿಮೆ ಇವೂ ಸೇರಲಿ ಎಂದು ಕಾರ್ಮಿಕರು ಕೇಳಬಹುದು. ಮತ ಕೇಳಲು ಬರುವವರ ಮುಂದೆಯೂ ಅದನ್ನೇ ಇಡಬಹುದು. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಮೆಣಸಿನ ಆದೇಶದಲ್ಲಾಗಲಿ, ಅಡಿಕೆಯ ಆದೇಶದಲ್ಲಾಗಲಿ ಇದ್ದದ್ದು ಕಿಲೋವಿನ ಬೆಲೆ ಮಾತ್ರ. ಏಣಿ ಹತ್ತಿದವನ ಕೂಲಿಯೂ ಕೊನೆಗಾರನ ಕೂಲಿಯೂ ಅವುಗಳಲ್ಲಿ ಇರಲಿಲ್ಲ.