ಆಸ್ಪತ್ರೆಯ ಬಿಲ್ಲಿನಲ್ಲಿ ನಮ್ಮ ಪಾಲೆಷ್ಟು?

ಆರೋಗ್ಯ ವಿಮೆ ಕೊಳ್ಳುವಾಗ ನಮ್ಮ ಸದಸ್ಯ ಬಾಂಧವರು ಕೇಳುವ ಪ್ರಶ್ನೆಗಳು ಎರಡೇ: ಪ್ರೀಮಿಯಂ ಎಷ್ಟು, ವಿಮಾ ಮೊತ್ತ ಎಷ್ಟು? ಮೂರನೆಯದೊಂದನ್ನು ಕೇಳಲೇಬೇಕೆಂಬುದು ನಮ್ಮ ಅಭಿಮತ: ಬಿಲ್ಲು ಬಂದಾಗ ನಮ್ಮ ಕೈಯಿಂದ ಹೋಗುವುದೆಷ್ಟು? ಕಾಫಿ ಮಾರುವಾಗ ಚೀಲದ ದರವೊಂದನ್ನೇ ಕೇಳಿ ನಾವಾರೂ ಒಪ್ಪುವುದಿಲ್ಲ. ತೇವಾಂಶ, ಔಟ್‌ಟರ್ನ್ ಲೆಕ್ಕ ವಿಚಾರಿಸಿಯೇ ಒಪ್ಪುತ್ತೇವೆ. ಪಾಲಿಸಿಗೂ ಅದೇ ಎಚ್ಚರ ಬೇಕು.

ಕಡಿತಗಳು ಮುಖ್ಯವಾಗಿ ಮೂರು. ಮೊದಲನೆಯದು ಡಿಡಕ್ಟಿಬಲ್: ಗೊತ್ತುಪಡಿಸಿದ ಮೊತ್ತದವರೆಗಿನ ಖರ್ಚು ನಮ್ಮದು, ಅದರ ಮೇಲಿನದಷ್ಟೇ ಕಂಪನಿಯದು. ಎರಡನೆಯದು ಕೋ-ಪೇಮೆಂಟ್: ಪ್ರತಿ ಕ್ಲೇಮಿನಲ್ಲೂ ಶೇಕಡಾ ಇಷ್ಟೆಂದು ನಮ್ಮ ಪಾಲು. ಮೂರನೆಯದು ಕೆಲವು ಪಾಲಿಸಿಗಳಲ್ಲಿರುವ ಕೋಣೆ ಬಾಡಿಗೆಯ ಮಿತಿ. ದಿನಕ್ಕೆ 3,000 ರೂ. ಮಿತಿಯಿದ್ದು 6,000 ರೂ. ಕೋಣೆ ಹಿಡಿದರೆ, ಬಾಡಿಗೆಯ ವ್ಯತ್ಯಾಸ ಮಾತ್ರವಲ್ಲ, ವೈದ್ಯರ ಶುಲ್ಕದಂಥವುಗಳಲ್ಲೂ ಅರ್ಧ ನಮ್ಮ ತಲೆಗೆ ಬರಬಹುದು. ಔಷಧಿಗೆ ಈ ಕಡಿತ ಅನ್ವಯಿಸದು.

ಡಿಡಕ್ಟಿಬಲ್ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಅದು ಹೆಚ್ಚಿದಷ್ಟೂ ಪ್ರೀಮಿಯಂ ಇಳಿಯುತ್ತದೆ. ಆದರೆ ಟಾಪ್-ಅಪ್, ಸೂಪರ್ ಟಾಪ್-ಅಪ್ ಪಾಲಿಸಿಗಳ ಅಂತರ ತಿಳಿದಿರಲಿ. ಡಿಡಕ್ಟಿಬಲ್ 3 ಲಕ್ಷ ರೂ. ಇದ್ದು, ಒಂದೇ ವರ್ಷದಲ್ಲಿ ಬೇರೆ ಬೇರೆ ಕಾಯಿಲೆಗೆ 2 ಲಕ್ಷದ ಎರಡು ಬಿಲ್ಲು ಬಂದರೆ, ಸಾಮಾನ್ಯ ಟಾಪ್-ಅಪ್ ಬಿಡಿಗಾಸೂ ಕೊಡದು. ಸೂಪರ್ ಟಾಪ್-ಅಪ್ ವರ್ಷದ ಒಟ್ಟು ಲೆಕ್ಕ ಹಿಡಿದು 1 ಲಕ್ಷ ಕೊಡುತ್ತದೆ.

ಸಹಕಾರಿಗಳಿಗೆ ಯಶಸ್ವಿನಿ ಹೊಸದಲ್ಲ. 2003ರಲ್ಲಿ ಆರಂಭವಾಗಿ, 2018ರಲ್ಲಿ ಆರೋಗ್ಯ ಕರ್ನಾಟಕದೊಡನೆ ವಿಲೀನಗೊಂಡು, 2022-23ರಲ್ಲಿ ಮರುಜಾರಿಗೆ ಬಂದ ಯೋಜನೆಯಿದು. ಮರುಜಾರಿಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ಮಿತಿ ಇಡಲಾಯಿತು. ಆದರೆ ಅದು ಪಟ್ಟಿಯಲ್ಲಿರುವ ಚಿಕಿತ್ಸೆಗೆ, ಯೋಜನೆಯ ಆಸ್ಪತ್ರೆಯಲ್ಲಿ ಮಾತ್ರ. ಆದ್ದರಿಂದ ಯಶಸ್ವಿನಿ ಇದೆಯಲ್ಲ ಎಂದು 5 ಲಕ್ಷದ ಡಿಡಕ್ಟಿಬಲ್ಲಿಗೆ ಕಣ್ಣುಮುಚ್ಚಿ ಸಹಿ ಹಾಕುವುದು ಜಾಣತನವಲ್ಲ. ಚಿಕಿತ್ಸೆ ಪಟ್ಟಿಯ ಹೊರಗಿದ್ದರೆ ಆ 5 ಲಕ್ಷವನ್ನೂ ನಾವೇ ತೆರಬೇಕು.

ಹಾಗಾದರೆ ಡಿಡಕ್ಟಿಬಲ್ ಎಷ್ಟಿರಬೇಕು? ಆಷಾಢದ ಮಳೆಯಲ್ಲಿ, ಕಾಫಿಯ ಹಣ ಗೊಬ್ಬರಕ್ಕೂ ಕೂಲಿಗೂ ಕರಗಿರುವಾಗ, ಕೈಸಾಲ ಮಾಡದೆ, ದಾಸ್ತಾನಿಟ್ಟ ಅಡಿಕೆಯನ್ನು ಸಿಕ್ಕಿದ ದರಕ್ಕೆ ಮಾರದೆ ಹೊಂದಿಸಬಲ್ಲಷ್ಟು. ಫಸಲಿನ ಕಾಲದ ಧೈರ್ಯದಲ್ಲಿ ಅದನ್ನು ನಿರ್ಧರಿಸಬಾರದು. ನಿರ್ಧರಿಸಿದ ಮೇಲೆ ಅಷ್ಟು ಹಣವನ್ನು ಬೇಕಾದಾಗ ತೆಗೆಯುವಂತೆ ಬೇರೆಯೇ ಇಡಬೇಕು. ಸದಸ್ಯರು ಸಹಿ ಹಾಕುವ ಮೊದಲು ಪಾಲಿಸಿಯ ಕಾಗದವನ್ನು ಸಂಘದ ಕಚೇರಿಗೆ ತರಲಿ, ಕೂತು ಓದೋಣ.