ತಾರೀಖು ನೋಡಿದರಷ್ಟೇ ಸಾಲದು

ಸ್ಟೇಶನ್ ಬಜಾರದ ಮನೆಗಳಿಗೆ ಸಿದ್ಧ ಊಟದ ಪ್ಯಾಕೆಟ್ ಬರುವುದಕ್ಕೆ ನನ್ನ ವಿರೋಧವಿಲ್ಲ. ದುಡಿಯುವ ಹೆಂಗಸರಿಗೆ, ರೂಮು ಮಾಡಿಕೊಂಡು ಓದುವ ಹುಡುಗರಿಗೆ ಅದು ಆಸರೆ. ನನ್ನ ತಕರಾರು ಅದನ್ನು ಇಡುವ ರೀತಿಯ ಮೇಲೆ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಕಲಬುರಗಿಯಲ್ಲಿ ಇದು ಸಣ್ಣ ಮಾತಲ್ಲ. ಹೀಗೆಂದಾಗ ಬರುವ ಆಕ್ಷೇಪಗಳಿಗೆ ಒಂದೊಂದಾಗಿ ಉತ್ತರಿಸುತ್ತೇನೆ.

"ತಾರೀಖು ಇನ್ನಾ ಮುಗದಿಲ್ಲ, ಏನಾಗತದ?"
ತಾರೀಖಿನ ಪಕ್ಕದಲ್ಲೇ 'ತಂಪಾದ, ಒಣ ಜಾಗದಲ್ಲಿಡಿ' ಎಂಬ ಷರತ್ತೂ ಇರುತ್ತದೆ. ಷರತ್ತು ಮುರಿದರೆ ತಾರೀಖಿಗೆ ಬೆಲೆಯಿಲ್ಲ. ಪತ್ರಾ ಹೊದಿಸಿದ ಅಡುಗೆಮನೆಯ ಅಟ್ಟ, ಗ್ಯಾಸ್ ಒಲೆಯ ಪಕ್ಕದ ಕಟ್ಟೆ ತಂಪು ಜಾಗಗಳಲ್ಲ. ಒಳಕೋಣೆಯ ಕಪಾಟಿನ ಕೆಳಗಿನ ಖಾನೆಯೇ ಲೇಸು.

"ಕೆಮಿಕಲ್ ಹಾಕಿರತಾರ, ಕೆಡಂಗಿಲ್ಲ."
ಹೊರಗೇ ಇಡಬಹುದಾದ ಪೊಟ್ಟಣಗಳನ್ನು ಉಳಿಸುವುದು ಮುಖ್ಯವಾಗಿ ಬಿಸಿ. ಪದರಪದರದ ಚೀಲಕ್ಕೆ ಊಟ ತುಂಬಿ, ಬಾಯಿ ಬೆಸೆದು, ಒತ್ತಡದಲ್ಲಿ ಸುಮಾರು 121 ಡಿಗ್ರಿಗೆ ಕಾಯಿಸುತ್ತಾರೆ. 1961ರಲ್ಲಿ ಮೈಸೂರಿನಲ್ಲಿ ಆರಂಭವಾದ ರಕ್ಷಣಾ ಆಹಾರ ಸಂಶೋಧನಾಲಯ ಸೈನಿಕರ ಊಟಕ್ಕಾಗಿ ಇದೇ ವಿಧಾನದಲ್ಲಿ ದುಡಿದಿದೆ. ಕತ್ತರಿ ಹಾಕಿದೊಡನೆ ಆ ಕಾವಲು ಮುಗಿಯುತ್ತದೆ. ಪೊಟ್ಟಣ ಉಬ್ಬಿದ್ದರೆ, ಅಂಚು ಬಿಟ್ಟು ಎಣ್ಣೆ ಜಿನುಗಿದ್ದರೆ ರುಚಿ ನೋಡಲೂ ಹೋಗಬೇಡಿ. ನರಗಳನ್ನೇ ಕೆಡಿಸುವ ವಿಷ ಬಿಡುವ ಬೊಟುಲಿನಮ್ ಬೆಳೆಯುವುದು ಗಾಳಿಯಾಡದ ಕಡೆಯೇ.

"ಚಂದಗೆ ಕುದಿಸಿದರ ಎಲ್ಲಾ ಸಾಯತಾವ."
ಜೀವಾಣು ಸತ್ತೀತು, ಅದು ಬಿಟ್ಟ ವಿಷ ಹೋಗಬೇಕಲ್ಲ! ಅನ್ನದಲ್ಲಿ ಕಾಣುವ ಬ್ಯಾಸಿಲಸ್ ಸೀರಿಯಸ್‌ನ ಬೀಜಾಣುಗಳು ಅಡುಗೆಯ ಬಿಸಿ ತಾಳುತ್ತವೆ. ಬೆಚ್ಚಗೆ ಬಿಟ್ಟ ಅನ್ನದಲ್ಲಿ ಮೊಳೆತು ವಿಷ ಮಾಡುತ್ತವೆ. ವಾಂತಿ ತರುವ ಆ ವಿಷ ಮತ್ತೆ ಕುದಿಸಿದರೂ ಅಳಿಯದು, ಮೂಗಿಗೂ ಸಿಗದಿರಬಹುದು. ಆದ್ದರಿಂದ ತೆರೆದ ಊಟ ಎರಡು ತಾಸಿಗಿಂತ ಹೆಚ್ಚು ಹೊರಗಿರಬಾರದು. ಉಷ್ಣತೆ 32 ಡಿಗ್ರಿ ದಾಟಿದರೆ, ಅಂದರೆ ನಮ್ಮ ಬೇಸಿಗೆಯಲ್ಲಿ, ಒಂದೇ ತಾಸು.

"ಫ್ರಿಜ್‌ನಾಗ ಇಟ್ಟೀವಲ್ರಿ."
ಒಳಗೆ 5 ಡಿಗ್ರಿಗಿಂತ ಕಡಿಮೆ ಇದ್ದರೆ ಸರಿ. ಕರೆಂಟ್ ಹೋದಾಗ ಬಾಗಿಲು ತೆರೆಯದಿದ್ದರೆ ಸುಮಾರು 4 ತಾಸು ತಂಪು ಉಳಿಯುತ್ತದೆ. ಪದೇಪದೇ ತೆರೆದರೆ ಅಷ್ಟೂ ಇಲ್ಲ. ಉಳಿದ ಊಟವನ್ನು ಅಗಲವಾದ ಡಬ್ಬಿಯಲ್ಲಿ ತೆಳ್ಳಗೆ ಹರಡಿ ಇಟ್ಟರೆ ಬೇಗ ತಣಿಯುತ್ತದೆ.

"ನಮ್ಮ ಅಜ್ಜಿ ಕಾಲದಾಗ ಫ್ರಿಜ್ ಎಲ್ಲಿತ್ತು?"
ಇರಲಿಲ್ಲ, ನಿಜ. ಆದರೆ ಅವರು ಕೂಡಿಟ್ಟದ್ದು ಏನನ್ನು? ಖಡಕ್ ರೊಟ್ಟಿ, ಶೇಂಗಾ ಹಿಂಡಿ. ನೀರಿನಂಶವಿಲ್ಲದಲ್ಲಿ ಜೀವಾಣು ಬೆಳೆಯದು. ಎಣಗಾಯಿ, ಬ್ಯಾಳಿಯನ್ನು ಆಯಾ ಹೊತ್ತಿಗೇ ಮುಗಿಸುತ್ತಿದ್ದರು. ಅಜ್ಜಿಯರ ಸಾಕ್ಷಿ ನನ್ನ ಪರವಾಗಿಯೇ ಇದೆ. ಅವರ ಲೆಕ್ಕದಲ್ಲಿ ತೆರೆದ ಪೊಟ್ಟಣವೂ ಎಣಗಾಯಿಯ ಸಾಲಿನದೇ. ಮನೆಮಂದಿ ಒಂದು ಹೊತ್ತಿಗೆ ಉಣ್ಣುವಷ್ಟನ್ನೇ ತೆರೆಯಿರಿ.